ದೃಷ್ಟಿ ತೆಗೆಯುವುದಕ್ಕೂ ಜನ ಬೇಕು

ನಮ್ಮ ಮನೆಯ ಹಜಾರದ ಸೂರಿನಲ್ಲಿ ಒಂದು ಕಣ್ಣಿದೆ. ಚಿಕ್ಕ ತಟ್ಟೆಯಷ್ಟು ಅಗಲದ, ಬಿಳಿಯ, ದುಂಡಗಿನ ಪ್ಲಾಸ್ಟಿಕ್ ಡಬ್ಬಿ. ಅದರ ನಡುವೆ ಆಗೊಮ್ಮೆ ಈಗೊಮ್ಮೆ ಮಿನುಗುವ ಹಸಿರು ಚುಕ್ಕೆ. ಹೊಗೆ ಕಂಡರೆ ಕೂಗಿಕೊಳ್ಳುವುದು ಅದರ ಉದ್ಯೋಗ. ದುಬೈನಲ್ಲಿ ಬಾಡಿಗೆಗಿರುವ ಎಲ್ಲರ ಸೂರಿನಲ್ಲೂ ಇದು ಇರುತ್ತದೆ, ಯಾರೂ ಅದರತ್ತ ತಲೆಯೆತ್ತಿ ನೋಡುವುದಿಲ್ಲ. ನಾನು ಮಾತ್ರ ನೋಡುತ್ತೇನೆ, ಯಾಕೆಂದರೆ ಬೆಂಕಿ ಬಿದ್ದರೆ ಎಲ್ಲರನ್ನೂ ಹೊರಗೆ ಸಾಗಿಸಬೇಕಾದ, ನಮ್ಮ ಆಫೀಸಿನ ಫೈರ್ ವಾರ್ಡನ್ ನಾನು.

ಈ ಪದವಿ ನನಗೆ ಹೇಗೆ ಬಂತೆಂದರೆ, ಅದನ್ನು ಹಂಚಿದ ಮೀಟಿಂಗಿಗೆ ನಾನು ಹೋಗಿರಲಿಲ್ಲ. ಮರುದಿನ ನೋಡಿದರೆ ನನ್ನ ಮೇಜಿನ ಮೇಲೆ ನಿಂಬೆಹಣ್ಣಿನ ಬಣ್ಣದ ಜಾಕೆಟ್ಟೂ ಒಂದು ಪೀಪಿಯೂ ಕೂತಿದ್ದವು. ಆಮೇಲೆ ಅಲ್ ಕೂಜ್‌ನ ಗೋದಾಮೊಂದರ ಹಿಂದಿನ ಬಯಲಿನಲ್ಲಿ ಅರ್ಧ ದಿನದ ತರಬೇತಿ. ಕಬ್ಬಿಣದ ತಟ್ಟೆಗೆ ಎಣ್ಣೆ ಸುರಿದು ಅವರೇ ಬೆಂಕಿ ಹಚ್ಚುತ್ತಿದ್ದರು, ನಾವು ಸರದಿಯಲ್ಲಿ ನಿಂತು ಆರಿಸುತ್ತಿದ್ದೆವು. ನನ್ನ ಸರದಿ ಬರುವ ಹೊತ್ತಿಗೆ ಮರಳುಗಾಳಿ ಬೀಸಿ ಬೆಂಕಿ ತಾನಾಗಿಯೇ ಆರಿಹೋಯಿತು. ಆದರೂ ಪ್ರಮಾಣಪತ್ರ ಕೊಟ್ಟರು. ಅಂದಿನಿಂದ ಯಾವ ಹೋಟೆಲಿಗೆ ಹೋದರೂ ಮೊದಲು ತುರ್ತು ಬಾಗಿಲು ಎಲ್ಲಿದೆಯೆಂದು ನೋಡಿಕೊಂಡು ಆಮೇಲೆ ಮೆನು ಕೈಗೆತ್ತಿಕೊಳ್ಳುತ್ತೇನೆ. ನನ್ನ ಹೆಂಡತಿ ಸುಮನಾ ಆಗ ನನ್ನ ಪರಿಚಯವೇ ಇಲ್ಲದವಳಂತೆ ಬೇರೆ ಕಡೆ ನೋಡುತ್ತಾಳೆ.

ಅದೇ ಆಫೀಸು ಈಚೆಗೆ ನನ್ನ ಕ್ಷೇಮವನ್ನೂ ವಿಚಾರಿಸಿಕೊಳ್ಳತೊಡಗಿದೆ. ಹಿಂದೆ ಕಾಗದ ಬರೆಯುವವರು ‘ನಾವೆಲ್ಲ ಕ್ಷೇಮ’ ಎಂದು ಒಂದೇ ಸಾಲಿನಲ್ಲಿ ಮುಗಿಸಿ ವಿಷಯಕ್ಕೆ ಬರುತ್ತಿದ್ದರು. ಈಗ ಆ ಸಾಲೇ ಒಂದು ಇಲಾಖೆಯಾಗಿದೆ. ಸೋಮವಾರ ಉಸಿರಾಟದ ಬಗ್ಗೆ ಮೇಲ್ ಬರುತ್ತದೆ, ಬುಧವಾರ ನೀರು ಕುಡಿಯುವ ಬಗ್ಗೆ. ಹೋದ ಬೇಸಿಗೆಯಲ್ಲಿ ಒಂಟಿತನದ ಬಗ್ಗೆ ಒಂದು ಆನ್‌ಲೈನ್ ಉಪನ್ಯಾಸವಿತ್ತು. ನಾವು ಮೂವತ್ತು ಜನ ಒಂದೇ ಹಾಲಿನಲ್ಲಿ, ಒಬ್ಬರಿಗೊಬ್ಬರು ಕೈಗೆಟಕುವ ದೂರದಲ್ಲಿ, ಅವರವರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕ್ಯಾಮೆರಾ ಆಫ್ ಮಾಡಿಕೊಂಡು ಅದನ್ನು ಕೇಳಿದೆವು. ‘ನಿಮ್ಮ ನೆರೆಹೊರೆಯವರನ್ನು ಪರಿಚಯ ಮಾಡಿಕೊಳ್ಳಿ’ ಎಂಬುದು ಕೊನೆಯ ಸ್ಲೈಡಿನ ಸಲಹೆ. ಎಲ್ಲರೂ ಚಪ್ಪಾಳೆಯ ಚಿತ್ರ ಒತ್ತಿ ಹೊರಬಂದೆವು.

ಸಲಹೆ ಒಳ್ಳೆಯದೇ. ಆದರೆ ಊದ್ ಮೇಥಾದ ಈ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ನಾವಿರುವುದು ಏಳು ವರ್ಷದಿಂದ, ನೆರೆಯವರ ಪರಿಚಯ ನನಗೆ ಎರಡೇ ಬಗೆಯಲ್ಲಿ. ಒಂದು, ಬಾಗಿಲ ಹೊರಗಿನ ಚಪ್ಪಲಿಗಳಿಂದ. ಇನ್ನೊಂದು, ಅವರವರ ವೈಫೈಗೆ ಇಟ್ಟ ಹೆಸರುಗಳಿಂದ. ಎಡಗಡೆಯ ಮನೆಯವರಿಗೆ ದೊಡ್ಡ ಪಾದದ ಮಗನೊಬ್ಬನಿದ್ದಾನೆ. ಬಲಗಡೆಯವರ ವೈಫೈ ಹೆಸರು ‘ಕೇಳಬೇಡಿ ಕೊಡುವುದಿಲ್ಲ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ಲಿಫ್ಟಿನಲ್ಲಿ ಎದುರಾದರೆ ಎಲ್ಲರೂ ಅಲ್ಲಿನ ಪುಟ್ಟ ಪರದೆಯನ್ನೇ ನೋಡುತ್ತೇವೆ. ಅದರಲ್ಲಿ ನಾಳೆಯ ತಾಪಮಾನ, ಯಾವುದೋ ದೇಶದ ಚುನಾವಣೆ, ಹಲ್ಲಿನ ಡಾಕ್ಟರ ಜಾಹೀರಾತು ಒಂದರ ಹಿಂದೊಂದು ಬರುತ್ತಿರುತ್ತವೆ. ಲೋಕದ ಸುದ್ದಿಯೆಲ್ಲ ತಿಳಿಯುವಷ್ಟರಲ್ಲಿ ಪಕ್ಕದಲ್ಲಿ ನಿಂತವರ ಮಹಡಿ ಬಂದಿರುತ್ತದೆ. ಇದರಿಂದ ನನಗೆ ಬೇಸರವೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ ಅನುಕೂಲವೇ ಆಗಿತ್ತು.

ಅನನುಕೂಲವಾದದ್ದು ನನ್ನ ಅತ್ತೆಗೆ. ಆಗಸ್ಟಿನ ಕೊನೆಗೆ ನಮಗೆ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಸುಮನಾಳ ತಾಯಿ ಗಿರಿಜಮ್ಮನವರು ನಂಜನಗೂಡಿನಿಂದ ವಿಸಿಟ್ ವೀಸಾದಲ್ಲಿ ಬಂದಿಳಿದರು. ಅವರ ಬೀದಿಯಲ್ಲಿ ಬಾಣಂತನವೆಂದರೆ ಗಿರಿಜಮ್ಮನವರೇ. ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ನೀರು ಹಾಕುವುದಕ್ಕೆ ಅವರನ್ನು ಮೂರು ಬೀದಿಯಾಚೆಯಿಂದ ಕರೆಯಲು ಬರುತ್ತಾರೆ. ಅವರ ಪೆಟ್ಟಿಗೆಯಲ್ಲಿ ಉಡುವ ಸೀರೆಗಳಿಗಿಂತ ಓಮ, ಒಣಶುಂಠಿ, ಬಜೆ, ಸಾಂಬ್ರಾಣಿಗಳೇ ಹೆಚ್ಚಿದ್ದವು. ಮಣ್ಣಿನ ಧೂಪದ ಪಾತ್ರೆ ಮಾತ್ರ ವಿಮಾನದಲ್ಲಿ ಒಡೆದು, ಮಗುವಿನ ಹೊಸ ಕುಲಾವಿಗಳ ಮಧ್ಯೆ ಚೂರುಚೂರಾಗಿ ಸಿಕ್ಕಿತು.

ಬಂದ ಮೊದಲ ವಾರವೇ ಅವರ ವಿದ್ಯೆಗೆ ಇಲ್ಲಿ ಕೆಲಸ ಕಡಿಮೆ ಎಂದು ಗೊತ್ತಾಯಿತು. ಈ ಊರಿನ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕಾದ ನೀರು ಬರುತ್ತದೆ. ತಣ್ಣಗಿನ ನೀರು ಬೇಕೆಂದರೆ ಗೀಸರ್ ಆರಿಸಿ ಅದರ ನೀರನ್ನು ಹಿಡಿಯಬೇಕು. ಹಂಡೆಗೆ ಉರಿ ಹಾಕಿ ಬದುಕು ಸವೆಸಿದ ಅತ್ತೆ ಆ ನಲ್ಲಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ಮತ್ತೆ ಮುಚ್ಚಿದರು. ಮಗುವಿನ ಡಾಕ್ಟರಮ್ಮ ಎಣ್ಣೆ ಮಿತವಾಗಿರಲಿ ಎಂದರು, ಮಗುವಿನ ಹತ್ತಿರ ಹೊಗೆಯನ್ನಂತೂ ಸುತರಾಂ ಹಾಕಬಾರದೆಂದರು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಜಗಳ ಆಡಿದ್ದರೆ ಸುಮನಾಗೆ ಸಮಾಧಾನವಾಗುತ್ತಿತ್ತು, ಅವರು ಆಡಲಿಲ್ಲ.

ಉಳಿದದ್ದು ದೃಷ್ಟಿ ತೆಗೆಯುವುದೊಂದು. ಅದಕ್ಕೆ ಡಾಕ್ಟರರ ಅಡ್ಡಿಯಿರಲಿಲ್ಲ. ಸಂಜೆ ದೀಪ ಹಚ್ಚಿ, ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು, ಮಗುವಿಗೆ ನಿವಾಳಿಸುತ್ತ ಇಂಥವರ ಕಣ್ಣು, ಅಂಥವರ ಕಣ್ಣು ಎಂದು ಹೆಸರು ಹಿಡಿದು ಹೇಳುವುದು ಅವರ ಕ್ರಮ. ಒಂದು ಸಂಜೆ ಮುಷ್ಟಿ ಅರ್ಧ ಸುತ್ತು ಬಂದು ನಿಂತುಬಿಟ್ಟಿತು.

“ಯಾರ ಕಣ್ಣು ಅಂತ ತೆಗೀಲಿ ಅಳಿಯಂದ್ರೇ? ಮಗು ಹುಟ್ಟಿ ಇಷ್ಟು ದಿನ ಆಯ್ತು, ನೋಡೋಕೆ ಒಂದು ನರಪಿಳ್ಳೆ ಬಂದಿಲ್ಲ. ಎದುರುಮನೆಯೋರ ಕಣ್ಣು ಅನ್ನೋಣ ಅಂದ್ರೆ ಎದುರುಮನೇಲಿ ಯಾರಿದಾರೆ ಅಂತ ನಿಮಗೇ ಗೊತ್ತಿಲ್ಲ. ನೀರು ಅದೇ ಕಾಯುತ್ತೆ, ಬಟ್ಟೆ ಅದೇ ಒಗೆದುಕೊಳ್ಳುತ್ತೆ. ನಾನಿಲ್ಲಿ ಏನ್ ಮಾಡ್ತಿದೀನಿ? ಮುಂದಿನ ವಾರಕ್ಕೆ ನನ್ನ ಟಿಕೆಟ್ ಮಾಡಿಸಿಬಿಡಿ.”

ಅವರು ಸಿಟ್ಟಿನಿಂದ ಹೇಳಿದ್ದರೆ ನಾನು ನಗೆಯಾಡಿ ತೇಲಿಸಿಬಿಡುತ್ತಿದ್ದೆ. ಅವರು ಹಾಗೆ ಹೇಳಲಿಲ್ಲ, ಕೆಲಸ ಮುಗಿದ ಅಡಿಗೆಯವರು ಹೇಳುವ ಹಾಗೆ ಹೇಳಿದರು. ಸುಮನಾ ಒಳಗೆ ಹೋಗಿ ಅತ್ತಳು. ಅವಳ ರಜೆ ಇನ್ನೇನು ಮುಗಿಯುವುದರಲ್ಲಿತ್ತು, ಅಷ್ಟು ಎಳೆಯ ಕೂಸನ್ನು ಯಾರ ಕೈಗೆ ಕೊಟ್ಟು ಕೆಲಸಕ್ಕೆ ಹೋಗುವುದು? ಅದೂ ಅಲ್ಲದೆ, ಬಾಣಂತಿಗೂ ಅಮ್ಮ ಬೇಕಾಗಿರುತ್ತದೆ. ನನಗೂ ಅತ್ತೆ ಹೋಗುವುದು ಬೇಡವಾಗಿತ್ತು. ಮನೆಯಲ್ಲಿ ಯಾರೋ ಒಬ್ಬರು ನಾನು ಬಂದ ಸದ್ದಿಗೆ ‘ಬಂದ್ರಾ?’ ಎಂದು ಕೇಳುವುದು ಎಷ್ಟು ಹಿತವೆಂದು ಅವರು ಬಂದ ಮೇಲೇ ತಿಳಿದದ್ದು.

ದೃಷ್ಟಿಯಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಆ ರಾತ್ರಿ ಯೋಚಿಸುತ್ತ ಅನ್ನಿಸಿದ್ದು, ಅದಕ್ಕೊಂದು ಪೂರ್ವಭಾವಿ ಸಿದ್ಧತೆ ಬೇಕೆಂಬುದು. ಕಣ್ಣು ಬೀಳಬೇಕಾದರೆ ಯಾರಾದರೂ ನೋಡಿರಬೇಕು. ಹೊಟ್ಟೆಕಿಚ್ಚು ಪಡುವುದಕ್ಕಾದರೂ ಅವರಿಗೆ ನಮ್ಮ ಸಮಾಚಾರ ಗೊತ್ತಿರಬೇಕು. ನಮ್ಮ ಮಗಳ ಚಿತ್ರಕ್ಕೆ ಫೋನಿನಲ್ಲಿ ಹೃದಯದ ಗುರುತು ಒತ್ತಿದವರು ಬೇಕಾದಷ್ಟು ಜನ. ಅತ್ತೆಯ ಲೆಕ್ಕದಲ್ಲಿ ಅವು ಕಣ್ಣುಗಳಲ್ಲ. ತೊಟ್ಟಿಲಿನ ಮೇಲೆ ಬಗ್ಗಿ, ಮೂಗು ಯಾರ ಹಾಗಿದೆ ಎಂದು ವಾದ ಮಾಡಿ, ಕಾಫಿ ಕುಡಿದು ಹೋದವರದು ಮಾತ್ರ ಕಣ್ಣು.

ಅತ್ತೆಯನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ನಾವಿಬ್ಬರೂ ಒಂದು ರಾಜಿ ಹುಡುಕಿದೆವು. ಮಗುವಿಗೆ ಹೊಗೆ ಬೇಡ, ಬಾಣಂತಿಯ ತಲೆಗೂದಲಿಗೆ ಹಾಕಿ ಎಂದೆವು. ಎರೆದುಕೊಂಡ ಕೂದಲನ್ನು ಸಾಂಬ್ರಾಣಿಯ ಹೊಗೆಯಲ್ಲಿ ಆರಿಸುವುದು ಅತ್ತೆಗೆ ಪ್ರಿಯವಾದ ಕೆಲಸ. ಅವರ ಮುಖ ಅರಳಿತು. ಒಡೆದ ಪಾತ್ರೆಯ ಬದಲಿಗೆ ಇಲ್ಲಿಯವರು ಬುಖೂರ್ ಎಂಬ ಸುಗಂಧ ಸುಡಲು ಬಳಸುವ, ಬಂಗಾರದ ಬಣ್ಣದ ಧೂಪದಾನಿಯೊಂದನ್ನು ತಂದೆ. ಕೆಳಗಿನ ಕಿರಾಣಿ ಅಂಗಡಿಯಲ್ಲಿ ಇದ್ದಿಲೂ ಸಿಕ್ಕಿತು, ಹುಕ್ಕಾ ಸೇದುವವರು ಕೊಳ್ಳುವ ದುಂಡು ಬಿಲ್ಲೆಗಳು. ಬಾಣಂತನಕ್ಕೆ ಹುಕ್ಕಾದ ಇದ್ದಿಲು ಎಂದು ಅತ್ತೆಗೆ ನಾನು ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಮಗುವನ್ನು ಕೋಣೆಯಲ್ಲಿ ಮಲಗಿಸಿ ಬಾಗಿಲು ಮುಚ್ಚಿ, ಹಜಾರದಲ್ಲಿ ಸುಮನಾಳನ್ನು ಕೂರಿಸಿ ಅತ್ತೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದರು. ನಂಜನಗೂಡಿನಲ್ಲಿ ಹೆಂಚಿನ ಸಂದಿಯಿಂದ ಹೊಗೆ ಆಕಾಶಕ್ಕೆ ಹೋಗುತ್ತದೆ. ಇಲ್ಲಿ ಹೋಗಲು ಜಾಗವಿಲ್ಲದೆ ಹೊಗೆ ನೆಟ್ಟಗೆ ಸೂರಿನ ಕಣ್ಣಿಗೆ ಹೋಯಿತು. ಕಣ್ಣು ಕೀಚಲು ದನಿಯಲ್ಲಿ ಕೂಗಿಕೊಂಡಿತು. ನಾನು ಸ್ಟೂಲ್ ಹತ್ತಿ ಪತ್ರಿಕೆಯಿಂದ ಬೀಸಿದೆ. ಪ್ರಪಂಚದ ಸುದ್ದಿಯೆಲ್ಲ ಗಾಳಿ ಹಾಕಿದರೂ ಅದು ಸುಮ್ಮನಾಗಲಿಲ್ಲ. ಆಗ, ತರಬೇತಿ ಪಡೆದ ಫೈರ್ ವಾರ್ಡನ್ ಆದ ನಾನು, ಹೊಗೆ ಹೊರಗೆ ಹೋಗಲಿ ಎಂದು ಮನೆಯ ಮುಂಬಾಗಿಲನ್ನು ಹಾರುಹೊಡೆದೆ.

ಊರಿನಲ್ಲಾದರೆ ಸರಿಯಾದ ಕೆಲಸ. ಇಲ್ಲಿ ಮುಂಬಾಗಿಲಿನ ಹೊರಗೆ ಆಕಾಶವಿಲ್ಲ, ಕಾರಿಡಾರ್ ಇದೆ. ನಮ್ಮ ಮನೆಯ ಕಣ್ಣು ಕೂಗಿದರೆ ನಮಗಷ್ಟೇ ಕೇಳುತ್ತದೆ. ಕಾರಿಡಾರಿನ ಕಣ್ಣು ಕೂಗಿದರೆ ಇಡೀ ಕಟ್ಟಡಕ್ಕೆ ಕೇಳುತ್ತದೆ. ಅದು ನನಗೆ ಪಾಠದ ಎರಡನೇ ಪುಟದಲ್ಲೇ ಹೇಳಿಕೊಟ್ಟ ವಿಷಯ. ಒಂದು ನಿಮಿಷದೊಳಗೆ ಪ್ರತಿ ಮಹಡಿಯಲ್ಲೂ ಗಂಟೆ ಹೊಡೆಯತೊಡಗಿತು. ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಗಂಭೀರ ಹೆಂಗಸಿನ ದನಿಯೊಂದು ಎಲ್ಲರೂ ಮೆಟ್ಟಿಲಿಳಿದು ಹೊರಗೆ ಹೋಗಿ ಎಂದಿತು.

ಬೆಂಕಿಯಿಲ್ಲವೆಂದು ಖಚಿತವಾಗಿ ಗೊತ್ತಿದ್ದವರು ಆ ಕಟ್ಟಡದಲ್ಲಿ ನಾವು ಮೂವರೇ. ಆದರೂ ಇಳಿಯಲೇಬೇಕು, ನಿಯಮ. ಕೆಂಡಕ್ಕೆ ನೀರು ಸುರಿದು ಹೊರಟೆವು. ಮಗುವನ್ನು ಎದೆಗವಚಿಕೊಂಡು ಅತ್ತೆ ಮುಂದೆ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿಯುವ ಸುಮನಾ ಹಿಂದೆ, ಅವಳ ತೋಳು ಹಿಡಿದು ನಾನು. ಬೆಂಕಿಯಿಲ್ಲವೆಂದು ಗೊತ್ತಿದ್ದೂ ನನಗೆ ಹೆದರಿಕೆಯಾಯಿತು. ಆ ಮೂವರನ್ನು ಒಟ್ಟಿಗೆ ಮೆಟ್ಟಿಲ ಮೇಲೆ ನೋಡಿದಾಗ ಆದ ಹೆದರಿಕೆ ಅದು, ಅದಕ್ಕೂ ಬೆಂಕಿಗೂ ಸಂಬಂಧವಿರಲಿಲ್ಲ.

ಮೆಟ್ಟಿಲಿನಲ್ಲಿ ಮೊದಲ ಬಾರಿಗೆ ನಮ್ಮ ನೆರೆಯವರನ್ನು ಕಂಡೆ. ಏನು ಬಿಟ್ಟರೂ ಗಲ್ಫಿನವರು ಪಾಸ್‌ಪೋರ್ಟ್ ಬಿಡುವುದಿಲ್ಲ. ಎಲ್ಲರ ಕಂಕುಳಲ್ಲೂ ಪಾಸ್‌ಪೋರ್ಟಿನ ಚೀಲ. ಫಿಲಿಪೀನ್ಸಿನ ಹುಡುಗಿಯೊಬ್ಬಳ ಹೆಗಲಲ್ಲಿ ಬೆಕ್ಕು. ಮೇಲೆ ಟೈ ಕಟ್ಟಿ ಕೆಳಗೆ ಚಡ್ಡಿ ತೊಟ್ಟಿದ್ದ ಒಬ್ಬರು ಲ್ಯಾಪ್‌ಟಾಪಿಗೆ ಇನ್ನೂ ಏನೋ ವಿವರಿಸುತ್ತಲೇ ಇಳಿಯುತ್ತಿದ್ದರು. ದೊಡ್ಡ ಪಾದದ ಹುಡುಗ ನನ್ನ ಪಕ್ಕದಲ್ಲೇ ಇದ್ದ, ನಾನು ಅವನನ್ನು ಪಾದದಿಂದಲೇ ಗುರುತು ಹಿಡಿದೆ.

ಕೆಳಗೆ ಕಾವಲುಗಾರ ಗುಲ್ ಖಾನ್ ಕೈ ಬೀಸುತ್ತ “ಯಲ್ಲಾ, ಯಲ್ಲಾ, ಸಬ್ ಬಾಹರ್!” ಎಂದು ಎಲ್ಲರನ್ನೂ ದಾಟಿಸುತ್ತಿದ್ದ. ಇಂಥ ಹೊತ್ತಿನಲ್ಲಿ ನಿಲ್ಲಬೇಕಾದ ಜಾಗಕ್ಕೆ ಪಾರ್ಕಿಂಗಿನ ನಡುವೆ ಹಸಿರು ಫಲಕವಿದೆ. ಅದು ಸುಡುವ ಬಿಸಿಲಿನಲ್ಲಿತ್ತು. ಹಾಗಾಗಿ ಜನರೆಲ್ಲ ಅದನ್ನು ಬಿಟ್ಟು ಕಟ್ಟಡದ ನೆರಳಿಗೇ ಬಂದು ನಿಂತಿದ್ದರು, ಬೆಂಕಿ ಬಿದ್ದಿದೆಯೆಂದು ಯಾವುದನ್ನು ಬಿಟ್ಟು ಓಡಿಬಂದರೋ ಅದೇ ಕಟ್ಟಡದ ನೆರಳಿಗೆ. ವಾರ್ಡನ್ ಆಗಿ ನಾನು ಅವರನ್ನು ಬಿಸಿಲಿಗೆ ಅಟ್ಟಬೇಕಿತ್ತು. ಪೀಪಿ ಆಫೀಸಿನಲ್ಲಿತ್ತು. ನಾನೂ ನೆರಳಿನಲ್ಲೇ ನಿಂತೆ.

ಅಷ್ಟರಲ್ಲಿ ನಂಜನಗೂಡಿನಿಂದ ನನ್ನ ಬಾಮೈದನ ಫೋನು. “ಭಾವ, ದುಬೈಲಿ ದೊಡ್ಡ ಕಟ್ಟಡಕ್ಕೆ ಬೆಂಕಿಯಂತೆ, ನೂರಾರು ಜನ ಬೀದೀಲಿದಾರಂತೆ. ಗ್ರೂಪಲ್ಲಿ ವಿಡಿಯೋ ಬಂದಿದೆ. ನಿಮ್ಮ ಕಡೆ ಏನೂ ಇಲ್ವಾ?” ವಿಡಿಯೋ ನೋಡಿದೆ. ಜನರ ಮಧ್ಯೆ ತಲೆಗೆ ಟವೆಲ್ ಸುತ್ತಿಕೊಂಡಿದ್ದವಳು ಅವನ ಅಕ್ಕನೇ. ನಾವಿರುವ ಜಾಗದ ಸುದ್ದಿ ಊರು ಸುತ್ತಿ ನಮಗೇ ಬರುವುದು ಇಲ್ಲಿ ಹೊಸದಲ್ಲ, ಆದರೆ ಇಷ್ಟು ಬೇಗ ಬಂದದ್ದು ಅದೇ ಮೊದಲು. ಬೆಂಕಿಯಲ್ಲ, ನಿಮ್ಮಮ್ಮನ ಸಾಂಬ್ರಾಣಿ ಎಂದು ಹೇಳಿ ಫೋನ್ ಇಟ್ಟೆ.

ಹೇಳಬಾರದಿತ್ತು. ಅತ್ತೆ ಕೇಳಿಸಿಕೊಂಡರು. ಸುತ್ತ ಸೆಕೆಯಲ್ಲಿ ನಿಂತ ಅಷ್ಟೂ ಜನರನ್ನು, ಬೆಕ್ಕನ್ನು, ಟೈ ಕಟ್ಟಿದವರನ್ನು ಒಮ್ಮೆ ನೋಡಿದರು. “ಇಷ್ಟು ಜನ ನನ್ನಿಂದ ಬೀದಿಗೆ ಬಂದ್ರಾ? ಟಿಕೆಟ್ಟು ಮುಂದಿನ ವಾರ ಬೇಡ, ನಾಳೇನೇ ಆದ್ರೂ ಮಾಡಿಸಿ” ಎಂದರು. ಸುಮನಾ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ.

ಆಗ ಕಪ್ಪು ಬುರ್ಖಾದ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಮ್ಮ ಕನ್ನಡ ಕೇಳಿ ಜನರನ್ನು ಸರಿಸಿಕೊಂಡು ಬಂದರು. “ಅಯ್ಯೋ, ನೀವು ಊರಿನವರಾ? ಮಗುವಿಗೆ ಸೆಕೆ ಆಗ್ತದೆ ಮಾರಾಯ್ರೇ, ಈಚೆ ಬನ್ನಿ, ಇಲ್ಲಿ ಗಾಳಿ ಉಂಟು.” ಅವರು ಜೊಹರಾ, ಉಳ್ಳಾಲದ ಬ್ಯಾರಿ ಮನೆತನದವರು, ನಮ್ಮ ತಲೆಯ ಮೇಲೆಯೇ ಹತ್ತನೇ ಮಹಡಿಯಲ್ಲಿರುವವರು. ಏಳು ವರ್ಷ ನಮ್ಮ ಸೂರಿನ ಮೇಲೆ ಕುರ್ಚಿ ಎಳೆಯುತ್ತಿದ್ದವರು ಇವರೇ ಎಂದು ನನಗೆ ಆಗ ತಿಳಿಯಿತು. ಮಗುವಿನ ಮುಖ ನೋಡಿ “ಮಾಶಾಅಲ್ಲಾ” ಎಂದರು. ಬೆಕ್ಕಿನ ಹುಡುಗಿ ಬಗ್ಗಿ ನೋಡಿದಳು. ಎಡಗಡೆಯ ಮನೆಯ ಈಜಿಪ್ಟಿನ ಅಜ್ಜಿಯೂ, ದೊಡ್ಡ ಪಾದದ ಮೊಮ್ಮಗನನ್ನು ಊರಿಕೊಂಡು ಬಂದು, “ಮಾಶಾಅಲ್ಲಾ” ಎಂದರು.

“ಎಲ್ಲರೂ ಅದೇನದು ಹೇಳ್ತಿರೋದು?” ಅತ್ತೆ ಕೇಳಿದರು.

“ಚಂದದ ಮಗುವನ್ನು ನೋಡಿ ಸುಮ್ಮನೆ ಚಂದ ಅಂತ ಹೇಳಬಾರ್ದಲ್ವಾ, ಕಣ್ಣು ಬೀಳ್ತದೆ” ಎಂದರು ಜೊಹರಾ. “ದೇವರು ಕೊಟ್ಟದ್ದು ಅಂತ ಹೇಳಿಬಿಟ್ರೆ ಬೀಳುವುದಿಲ್ಲ. ಅದಕ್ಕೆ.”

ಅತ್ತೆಯ ಮುಖ ನೋಡುವ ಹಾಗಿತ್ತು. “ಅಂದ್ರೆ ಇಲ್ಲೂ ಬೀಳುತ್ತೆ!” ಎಂದರು.

“ಬೀಳದೆ ಮತ್ತೆ? ಎಲ್ಲಾ ಕಡೆ ಬೀಳ್ತದೆ.”

ಅಗ್ನಿಶಾಮಕದವರು ಬಂದು, ಮೇಲೆ ಹೋಗಿ, ಇಳಿದು ಬಂದರು. ಅವರ ಅಧಿಕಾರಿ ಇಲ್ಲಿಯವನೇ, ಎಳೆ ಮೀಸೆಯ ಯುವಕ. ಒಂಬತ್ತನೇ ಮಹಡಿಯಲ್ಲಿ ಹೊಗೆ ಮಾಡಿದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಗುವನ್ನು ಎತ್ತಿಕೊಂಡೇ ಮುಂದೆ ಹೋಗಿ, “ನಾನೇ” ಎಂದು ಕನ್ನಡದಲ್ಲೇ ಹೇಳಿದರು. ಭಾಷಾಂತರ ಬೇಕಾಗಲಿಲ್ಲ. ಅವನು ಅವರ ಸೀರೆಗೆ ಹತ್ತಿದ್ದ ಪರಿಮಳವನ್ನು ಮೂಸಿ, “ಬುಖೂರ್?” ಎಂದ. ಹೆಚ್ಚುಕಡಿಮೆ ಹೌದು ಎಂದೆ ನಾನು. ಅವನು ನಗಲಿಲ್ಲ. ಧೂಪ ಹಾಕಿದರೆ ಬಾಲ್ಕನಿಯ ಬಾಗಿಲು ತೆರೆಯಬೇಕು, ಮುಂಬಾಗಿಲನ್ನು ಯಾವತ್ತೂ ತೆರೆಯಬಾರದು ಎಂದು ಹೇಳಿ, ತೆರೆದದ್ದು ಯಾರು ಎಂದು ಕೇಳಿದ. ಜೊಹರಾ ಅದನ್ನು ಅತ್ತೆಗೆ ಕನ್ನಡದಲ್ಲಿ ತಿಳಿಸಿದರು.

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು. “ಬಾಗಿಲು ತೆಗೆದದ್ದು ನೀವಲ್ವೇ ಅಳಿಯಂದ್ರೇ?”

ನಾನು ಕೈಯೆತ್ತಿದೆ. ಪುಣ್ಯಕ್ಕೆ ಆಫೀಸಿನಲ್ಲಿ ನನ್ನ ಪದವಿ ಏನೆಂದು ಆ ಹುಡುಗ ಕೇಳಲಿಲ್ಲ. ಹೊರಡುವ ಮೊದಲು ಮಗುವಿನತ್ತ ಒಮ್ಮೆ ನೋಡಿ “ಮಬ್ರೂಕ್” ಎಂದು ಶುಭ ಹಾರೈಸಿ, ಮರೆತದ್ದು ನೆನಪಾದವನಂತೆ “ಮಾಶಾಅಲ್ಲಾ” ಎಂದೂ ಸೇರಿಸಿದ. “ಖಲಾಸ್, ಸಬ್ ಊಪರ್!” ಎಂದು ಗುಲ್ ಖಾನ್ ಕೂಗಿದ. ಆದರೆ ಯಾರೂ ಕೂಡಲೇ ಮೇಲೆ ಹೋಗಲಿಲ್ಲ. ಪಕ್ಕದ ಕೆಫೆಟೇರಿಯಾದವನು ಕಾಗದದ ಲೋಟಗಳಲ್ಲಿ ಚಹಾ ತಂದಿದ್ದ. ಮಗುವಿನ ಮೂಗು ಯಾರ ಹಾಗಿದೆ ಎಂಬ ಚರ್ಚೆ ನಾಲ್ಕು ಭಾಷೆಗಳಲ್ಲಿ ನಡೆಯುತ್ತಿತ್ತು. ತನ್ನ ಸೊಸೆಗೆ ಈಗ ಏಳು ತಿಂಗಳೆಂದೂ, ಮಗುವಿಗೆ ನೀರು ಹಾಕಲು ಗೊತ್ತಿದ್ದವರು ಯಾರೂ ಇಲ್ಲವೆಂದೂ ಜೊಹರಾ ಅತ್ತೆಯ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಮಧ್ಯಾಹ್ನ ಸುಮನಾಳ ಕೂದಲು ಹೇರ್ ಡ್ರೈಯರಿನಲ್ಲಿ ಆರಿತು. ಅತ್ತೆ ಅದನ್ನು ತುಟಿ ಬಿಗಿದು ನೋಡಿದರು. ಬಂಗಾರದ ಬಣ್ಣದ ಧೂಪದಾನಿ ಶೋಕೇಸಿಗೆ ಹೋಯಿತು. ಸಂಜೆ ದೀಪ ಹಚ್ಚಿ ಅವರು ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ತೆಗೆದುಕೊಂಡಾಗ, ಕೊನೆಗೆ ಅದನ್ನು ಉರಿಗೆ ಹಾಕದೆ ಸಿಂಕಿನ ನೀರಿಗೆ ಹಾಕಿ ಎಂದು ನಾನು ವಿನಯದಿಂದ ಕೇಳಿಕೊಂಡೆ. ಆಗಲಿ ಎಂದರು. ಆಮೇಲೆ ಶುರುವಾಯಿತು. ಮೇಲಿನ ಮನೆ ಜೊಹರಮ್ಮನ ಕಣ್ಣು, ಪಕ್ಕದ ಮನೆ ಅಜ್ಜಿಯ ಕಣ್ಣು, ಅವಳ ಮೊಮ್ಮಗನ ಕಣ್ಣು, ಬೆಕ್ಕಿನ ಹುಡುಗಿ ಕಣ್ಣು, ಆ ಬೆಕ್ಕಿನ ಕಣ್ಣು, ಟೈ ಕಟ್ಟಿದವನ ಕಣ್ಣು, ವಾಚ್‌ಮನ್ನನ ಕಣ್ಣು, ಚಹಾ ಕೊಟ್ಟವನ ಕಣ್ಣು, ಬೆಂಕಿ ಆರಿಸೋ ಹುಡುಗನ ಕಣ್ಣು, ವಿಡಿಯೋ ನೋಡಿದೋರ ಕಣ್ಣು. ಮುಷ್ಟಿ ಸುತ್ತುತ್ತಲೇ ಇತ್ತು. ಅವರ ದನಿಯಲ್ಲಿ ಬಂದಂದಿನಿಂದ ಇಲ್ಲದ ಒಂದು ದರ್ಪವಿತ್ತು. ಕೊನೆಗೆ ಕತ್ತೆತ್ತಿ ಸೂರು ನೋಡಿ, “ಅದರ ಕಣ್ಣು” ಎಂದರು.

ಸುಮನಾ ಮೆಲ್ಲಗೆ ಕೇಳಿದಳು: “ಅಮ್ಮ, ಟಿಕೆಟ್ಟು?”

ಅತ್ತೆ ಮುಷ್ಟಿಯನ್ನು ಸಿಂಕಿನಲ್ಲಿ ಬಿಚ್ಚಿ, ಕೈತೊಳೆದು, ಸೆರಗಿಗೆ ಒರೆಸಿಕೊಂಡರು.

“ಇಷ್ಟು ಜನರ ಕಣ್ಣು ಬಿದ್ದಿದೆ ಕಣೇ ಮಗೂ ಮೇಲೆ. ಒಂದು ದಿನ ತೆಗೆದ್ರೆ ಹೋಗೋ ದೃಷ್ಟಿ ಅಲ್ಲ ಇದು” ಎಂದರು. “ನಾನು ಇರಬೇಕಾಗುತ್ತೆ.”